ಇಲ್ಲದ ದಣಿವು

ಈ ಸಲ ಮುಂಗಾರು ಹಿಡಿದ ಮೇಲೆ ಒಂದು ಶನಿವಾರ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕೆಲಗೇರಿ ಕೆರೆಗೆ ಕರೆದುಕೊಂಡು ಹೋಗಿದ್ದೆ. ನಾನು ಧಾರವಾಡದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾಚಿ, ಬಸವನಹುಳು ಇವನ್ನೆಲ್ಲ ಪುಸ್ತಕದ ಚಿತ್ರದಲ್ಲಿ ನೋಡುವುದಕ್ಕಿಂತ ನೀರಿನಲ್ಲೇ ನೋಡಲಿ ಎಂಬ ಆಸೆ. ಕೆರೆಯ ಏರಿ ಹತ್ತುತ್ತಿದ್ದಂತೆಯೇ ನೆನೆದ ಹುಲ್ಲು, ಕೆಸರು, ನಿಂತ ನೀರು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ನನ್ನ ಹೆಜ್ಜೆ ತಾನಾಗಿ ಸಾವಕಾಶವಾಯಿತು.

ಪಕ್ಕದಲ್ಲಿದ್ದ ಹುಡುಗಿ, “ಟೀಚರ್, ತ್ರಾಸ ಆಗಾಕತ್ತೈತೇನ್ರಿ? ಕೂಡ್ರತೀರೇನು?” ಎಂದಳು.

ಇಲ್ಲ ಎಂದೆ. ನಿಜಕ್ಕೂ ಇಲ್ಲ. ಆ ಹುಡುಗಿಯರ ಸಮಕ್ಕೆ ಓಡುವಷ್ಟು ಉಸಿರು ನನ್ನಲ್ಲಿತ್ತು. ಆದರೆ ಆ ಏರಿಯ ಮೇಲೆ ಕಾಲೆಳೆದು ನಡೆಯುವುದನ್ನು ನನ್ನ ದೇಹ ಒಂದು ಮಳೆಗಾಲವಿಡೀ ರೂಢಿ ಮಾಡಿಕೊಂಡಿತ್ತು. ಆ ರೂಢಿ ಇನ್ನೂ ಪೂರ್ತಿ ಬಿಟ್ಟಿಲ್ಲ.

ಆ ಮಳೆಗಾಲಕ್ಕೆ ತುಸು ಮೊದಲು, ಬುದ್ಧ ಪೂರ್ಣಿಮೆ ಕಳೆದ ಮರುವಾರ, ನನ್ನ ತಮ್ಮ ಆನಂದ ತನ್ನ ಒಂದು ಕಿಡ್ನಿಯನ್ನು ನನಗೆ ಕೊಟ್ಟಿದ್ದ.

ಅದಕ್ಕೂ ಹಿಂದೆ ಬಹಳ ದಿನ ನಾನು ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದೆ. ಬಸ್ಸಿನಿಂದಿಳಿದು ಮನೆ ಸೇರುವಷ್ಟರಲ್ಲಿ ಎರಡು ಕಡೆ ಕಟ್ಟೆ ಹುಡುಕಿ ಕೂರಬೇಕಾಗುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ನನ್ನ ತರಗತಿಯನ್ನು ಕೆಳಗಿನ ಕೋಣೆಗೆ ಬದಲಿಸಿಕೊಟ್ಟಿದ್ದರು. ನನಗೆ ಮದುವೆಯಾಗಿಲ್ಲ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಕೆಲಗೇರಿಯ ಹತ್ತಿರದ ಮನೆಯಲ್ಲಿ ಆನಂದ, ಅವನ ಹೆಂಡತಿ ರೇಖಾ, ನಾನು, ಮೂರೇ ಮಂದಿ. ಪರೀಕ್ಷೆ ಮಾಡಿಸಿಕೊಳ್ಳುವುದಾಗಿ ಆನಂದ ಮೊದಲ ಸಲ ಹೇಳಿದಾಗ ನಾನು ಬೇಡವೆಂದೆ. ಎರಡನೆಯ ಸಲ ಹೇಳಿದಾಗ ಸುಮ್ಮನಿದ್ದೆ. ಆ ಸುಮ್ಮನಿದ್ದುದೇ ಒಪ್ಪಿಗೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ಆನಂದ ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸಂಜೆ ಎಷ್ಟೇ ಹೊತ್ತಾಗಿ ಬಂದರೂ ಚೀಲ ಇಟ್ಟು, ಚಡ್ಡಿ ಹಾಕಿಕೊಂಡು ಓಣಿಯ ಹಿಂದಿನ ಬಯಲಿಗೆ ಕಬಡ್ಡಿಗೆ ಹೋಗುತ್ತಿದ್ದ. ಅವನು ರೇಡರ್. ಗೆರೆ ದಾಟಿ ಎದುರಿನವರ ಅಂಗಳಕ್ಕೆ ನುಗ್ಗಿದನೆಂದರೆ ಕಬಡ್ಡಿ ಕಬಡ್ಡಿ ಎನ್ನುವ ಅವನ ಉಸಿರು ಮುಗಿಯುತ್ತಲೇ ಇರಲಿಲ್ಲ. ಸುತ್ತಲಿನ ಊರುಗಳಿಂದ ಆಡಲು ಕರೆ ಬರುತ್ತಿತ್ತು. ಆಪರೇಷನ್ನಿಗೆ ಮೊದಲು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ ಮಾತುಗಳಲ್ಲಿ ಅದೂ ಒಂದು: ಉಳಿಯುವ ಒಂದೇ ಕಿಡ್ನಿಗೆ ಪೆಟ್ಟು ಬೀಳುವಂಥ ಆಟ ಇನ್ನು ಬೇಡ. ಆನಂದ, “ಆತ್ರಿ” ಎಂದ. ನಾಳೆ ಅಂಗಡಿ ರಜೆ ಎಂದು ಯಾರೋ ಹೇಳಿದಾಗ ಅನ್ನುವಂತೆ, ಅಷ್ಟೇ.

ಹೊಸ ಕಿಡ್ನಿಯನ್ನು ನನ್ನ ಹೊಟ್ಟೆಯ ಬಲಗಡೆ, ಕೆಳಗೆ ಇಟ್ಟು ಹೊಲಿದಿದ್ದರು. ಅಂಗೈ ಇಟ್ಟರೆ ಅದು ಅಲ್ಲಿರುವುದು ತಿಳಿಯುತ್ತಿತ್ತು. ಆಪರೇಷನ್ನಾದ ಕೆಲವೇ ದಿನಗಳಲ್ಲಿ ನನ್ನ ಬಾಯಿಯ ಕಹಿ ಹೋಯಿತು, ಕಾಲಿನ ಬಾವು ಇಳಿಯಿತು, ಮುಖಕ್ಕೆ ಬಣ್ಣ ಬಂತು. ಆನಂದನ ಮುಖದ ಬಣ್ಣ ಆ ದಿನಗಳಲ್ಲಿ ಹೋಗಿತ್ತು. ಪಕ್ಕದ ವಾರ್ಡಿನಿಂದ ಗೋಡೆ ಹಿಡಿದುಕೊಂಡು ನನ್ನನ್ನು ನೋಡಲು ಬಂದ. ಬಾಗಿಲಲ್ಲೇ ನಿಂತು, ಪಕ್ಕೆಗೆ ಕೈಯೊತ್ತಿ ಉಸಿರು ಹಿಡಿದು, “ಹೆಂಗಿದ್ದೀಯಕ್ಕಾ?” ಎಂದ. ಆರಾಮ ಇದ್ದೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. “ಏನೋ ಒಂಚೂರು ತ್ರಾಸ ಐತಿ” ಎಂದೆ. ಸುಳ್ಳು ಶುರುವಾದದ್ದು ಅಲ್ಲಿಂದಲೇ.

ಮನೆಗೆ ಬಂದ ಮೇಲೆ ಇಬ್ಬರೂ ಭಾರ ಎತ್ತುವಂತಿರಲಿಲ್ಲ. ಒಂದು ದಿನ ಗ್ಯಾಸ್ ಸಿಲಿಂಡರಿನವನು ಅವಸರದಲ್ಲಿ ಗೇಟಿನ ಹತ್ತಿರವೇ ಇಳಿಸಿ ಹೋಗಿಬಿಟ್ಟ. ಆನಂದ ಅಭ್ಯಾಸಬಲದಿಂದ ಅದರ ಹಿಡಿಗೆ ಕೈ ಹಾಕಿದ. ಒಳಗಿಂದ ಬಂದ ರೇಖಾ, “ಬಿಡ್ರಿ ಅದನ್ನ” ಎಂದಳು. ದನಿ ಏರಿಸಲಿಲ್ಲ, ಆದರೆ ಅವನು ತಕ್ಷಣ ಕೈ ತೆಗೆದ. ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು, ಸಿಲಿಂಡರನ್ನು ವಾಲಿಸಿ, ಅಡಿ ಅಂಚಿನ ಮೇಲೆ ಉರುಳಿಸುತ್ತ ಅಡುಗೆಮನೆಗೆ ಒಯ್ದಳು. ನಾವಿಬ್ಬರೂ ವರಾಂಡದಲ್ಲಿ ನೋಡುತ್ತ ನಿಂತಿದ್ದೆವು. ರೇಖಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲವೇನೋ. ನನಗೆ ಮಾತ್ರ, ಈ ಮನೆಯ ತ್ರಾಣವನ್ನೆಲ್ಲ ನಾನೊಬ್ಬಳೇ ಕುಡಿದು ಕುಳಿತಿದ್ದೇನೆ ಅನ್ನಿಸಿತು.

ಮಳೆ ಶುರುವಾಗುವ ಹೊತ್ತಿಗೆ ಆಸ್ಪತ್ರೆಯ ಫಿಜಿಯೋಥೆರಪಿ ಮೇಡಂ ನನಗೆ ನಡಿಗೆ ಹೇಳಿಕೊಟ್ಟರು. ನಫೀಸಾ ಮೇಡಂ ಎಂದು, ಹುಬ್ಬಳ್ಳಿಯವರೇ, ನನಗಿಂತ ಚಿಕ್ಕವರು. ತಮ್ಮನೂ ಜೊತೆಗಿದ್ದ. ನಾನು ಕೈಗಡಿಯಾರ ತೋರಿಸಿ, ಇದರಲ್ಲಿ ನಾಡಿಯ ಬಡಿತ ಗೊತ್ತಾಗುತ್ತದೆ, ಎಷ್ಟಕ್ಕೆ ಏರಿಸಬೇಕು ಎಂದು ಕೇಳಿದೆ.

“ಅದನ್ನ ನಂಬಬ್ಯಾಡ್ರಿ” ಎಂದರು. “ನೀವು ಬಿಪಿಗೆ ತಗೊಳ್ಳೂ ಗುಳಿಗಿ ನಾಡೀನ ಹಿಡದು ಕೂಡಸ್ತೈತಿ. ನೀವು ಎಷ್ಟ ಜೋರ ನಡದ್ರೂ ಅದು ಏರೂದಿಲ್ಲ. ನಿಮ್ಮ ಮೈಗೆ ಎಷ್ಟ ತ್ರಾಸ ಅನಸ್ತೈತಿ, ಅದನ್ನ ನೋಡ್ರಿ. ಸೊನ್ನೆ ಅಂದ್ರ ಸುಮ್ನ ಕುರ್ಚಿ ಮ್ಯಾಲೆ ಕೂತಂಗ. ಹತ್ತು ಅಂದ್ರ ಇನ್ನೊಂದು ಹೆಜ್ಜಿನೂ ಆಗೂದಿಲ್ಲ ಅನ್ನೂವಂಗ. ನೀವು ಸಾವಕಾಶ ಏರಸ್ಕೋತ ನಾಕು ಐದರ ತನಕಾ ಬರ್ರಿ. ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ತಿಳೀತಿಲ್ರಿ?”

ವಿಜ್ಞಾನದವಳಾದ ನನಗೆ ಇದು ತುಸು ಸಡಿಲ ಅನ್ನಿಸಿತು. ಅನ್ನಿಸುವುದೂ ಒಂದು ಅಳತೆಯೇನು ಎಂದು ಕೇಳಿದೆ.

ಮೇಡಂ ನಕ್ಕರು. “ಮೈ ಸುಳ್ಳ ಹೇಳೂದಿಲ್ರಿ ಟೀಚರ್. ಉಸಿರು, ಬೆವರು, ಕಾಲಿನ ನೋವು, ಎಲ್ಲಾ ಕೂಡಿಸಿ ಅದು ಒಂದು ಅಂಕಿ ಕೊಡ್ತೈತಿ. ಭಾಳ ಮಂದಿಗೆ ಅದು ಬರೋಬ್ಬರಿ ಬರ್ತೈತಿ.”

ಅವರು ಹೇಳಿದ್ದು ಸರಿಯೆಂದು ಒಂದೆರಡು ವಾರಗಳಲ್ಲೇ ಗೊತ್ತಾಯಿತು. ನನ್ನ ಮೈ ನನಗೆ ನಿಜವನ್ನೇ ಹೇಳುತ್ತಿತ್ತು. ನಾನು ಅದನ್ನು ಬೇರೆಯವರಿಗೆ ಹೇಳಲಿಲ್ಲ.

ದಿನ ಬೆಳಗಾದರೆ ಆನಂದ ನನ್ನ ಜೊತೆ ಕೆರೆಯ ಏರಿಗೆ ಬರುತ್ತಿದ್ದ. ಅಂಗಡಿಗೆ ಮತ್ತೆ ಹೋಗತೊಡಗಿದ ಮೇಲೂ ಈ ನಡಿಗೆಯನ್ನು ಬಿಡಲಿಲ್ಲ. ಧಾರವಾಡದ ಜಿಟಿಜಿಟಿ ಮಳೆ, ಅವನ ಕೈಯಲ್ಲಿ ದೊಡ್ಡ ಕೊಡೆ, ನನ್ನ ಮುಖಕ್ಕೆ ಮಾಸ್ಕು. ಸೋಂಕು ತಗಲಬಾರದೆಂದು ಯಾರಾದರೂ ಕೆಮ್ಮುತ್ತ ಎದುರು ಬಂದರೆ ಅವನು ನನ್ನನ್ನು ಆಚೆ ಬದಿಗೆ ಸರಿಸುತ್ತಿದ್ದ. ನಾನು ಒಂದು ಹೆಜ್ಜೆ ಮುಂದೆ, ಅವನು ಹಿಂದೆ. ಮೊದಮೊದಲು ಅವನಿಗೆ ತೇಕು ಹತ್ತುತ್ತಿತ್ತು. ಆ ಸದ್ದು ಬೆನ್ನ ಹಿಂದಿನಿಂದ ಕೇಳಿದ ಕೂಡಲೇ ನಾನು ನಿಲ್ಲುತ್ತಿದ್ದೆ. “ಯಾಕ, ಆಗವಲ್ದೇನು?” ಎಂದು ಅವನು ಕೇಳುತ್ತಿದ್ದ. “ಹೂಂ, ಸಾಕಾತು” ಎನ್ನುತ್ತಿದ್ದೆ. ಅವನಿಗೆ ಸಾಕಾಗಿದೆ ಎಂದು ಹೇಳಿ ಅವನ ಮಾನ ಕಳೆಯುವುದಕ್ಕಿಂತ ನನಗೇ ಸಾಕಾಯಿತೆನ್ನುವುದು ಸುಲಭವಿತ್ತು.

ನನಗೋ ಕಾಲಿನಲ್ಲಿ ಹೊಸ ರಕ್ತ ಹರಿದಂತಾಗಿತ್ತು. ಎಷ್ಟೋ ದಿನ ಸತ್ತಂತಿದ್ದ ತೊಡೆ, ಮೀನಖಂಡ ಎಲ್ಲ ಎದ್ದು ಕೂತು, ನಡೆ ನಡೆ ಅನ್ನುತ್ತಿದ್ದವು. ಎದುರಿನಿಂದ ಭರಭರನೆ ನಡೆದು ಬರುವ ನಿವೃತ್ತರನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಹಿಂದೆ ಬರುತ್ತಿದ್ದವನು ಸಂಜೆ ಬಯಲಿನ ಕಡೆಯ ಕಿಟಕಿ ಮುಚ್ಚಿ ಟಿವಿ ಹಚ್ಚಿಕೊಂಡು ಕೂರುತ್ತಿದ್ದ. ಹುಡುಗರ ಕಬಡ್ಡಿಯ ಗದ್ದಲ ಒಳಗೆ ಬರಬಾರದೆಂದು ಕಿಟಕಿ ಮುಚ್ಚುತ್ತಾನೆಂದು ನನಗೆ ಗೊತ್ತಿತ್ತು. ಅವನದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನ ಮುಂದೆಯೇ ಜೋರಾಗಿ ನಡೆಯುವುದು ಹೇಗೆ? ಅದು ಕದ್ದ ವಸ್ತುವನ್ನು ಕಳಕೊಂಡವನ ಎದುರೇ ಬಳಸಿದ ಹಾಗೆ ಕಾಣುತ್ತಿತ್ತು.

ತಿಂಗಳಿಗೊಮ್ಮೆ ನಫೀಸಾ ಮೇಡಂ ಕೇಳುತ್ತಿದ್ದರು. “ಎಷ್ಟಕ್ಕ ಬಂದೀರಿ?”

“ಐದು” ಎನ್ನುತ್ತಿದ್ದೆ. ಮೈ ಒಂದು ಒಂದೂವರೆ ಅನ್ನುತ್ತಿತ್ತು.

ಶ್ರಾವಣ ಕಳೆದ ಮೇಲೆ ಒಂದು ದಿನ, ಅಂಗಡಿಗೆ ಮಾಲು ಬರುತ್ತದೆ, ಬೇಗ ಹೋಗಬೇಕು, ನಾಳೆ ನೀನೊಬ್ಬಳೇ ನಡೆ ಎಂದು ಆನಂದ ಹಿಂದಿನ ಸಂಜೆಯೇ ಹೇಳಿದ. ಬೆಳಿಗ್ಗೆ ಮಳೆ ಇರಲಿಲ್ಲ. ಕೆರೆಯ ಮೇಲೆ ಮಂಜು ಕೂತಿತ್ತು. ಏರಿಯ ಮೇಲೆ ದೂರ ದೂರಕ್ಕೆ ಒಬ್ಬಿಬ್ಬರು ಮಾತ್ರ. ಹತ್ತು ಹೆಜ್ಜೆ ನಡೆದೆ, ಹಿಂದೆ ಯಾರೂ ಇಲ್ಲ. ಆಮೇಲೆ ನನ್ನ ಕಾಲುಗಳನ್ನು ನಾನು ಹಿಡಿಯಲಿಲ್ಲ. ಕೈ ಬೀಸಿ ನಡೆದೆ. ಎದೆ ಬಿಸಿಯಾಯಿತು, ಕಿವಿಯ ಹಿಂದೆ ಬೆವರು ಇಳಿಯಿತು. ಹಾಡೊಂದನ್ನು ಗುನುಗಲು ನೋಡಿದರೆ ಎರಡೇ ಶಬ್ದಕ್ಕೆ ಉಸಿರು ಕಟ್ಟಿತು. ಇದು ಐದು, ಇದೇ ಐದು ಎಂದುಕೊಂಡೆ. ನಗು ಬಂತು. ಬದುಕಿದ್ದೇನೆ ಅನ್ನುವುದು ಮೈಯೆಲ್ಲ ತಿಳಿಯುವಂತಿತ್ತು. ಏರಿಯ ಕೊನೆಗೆ ಬಂದು, ಅಲ್ಲಿಂದ ತಿರುಗಿ, ಸ್ವಲ್ಪ ದೂರ ಓಡಿಯೂ ಬಿಟ್ಟೆ.

ಆನಂದ ಏರಿಯ ಮೇಲೆ ನಿಂತಿದ್ದ. ಅಂಗಡಿಗೆ ಹೋಗುವ ಬಟ್ಟೆಯಲ್ಲಿದ್ದ. ಕೈಯಲ್ಲಿ ನನ್ನ ಮಾಸ್ಕು.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಅವನು ಎಲ್ಲ ನೋಡಿದ್ದಾನೆಂದು ಗೊತ್ತಿದ್ದೂ, ನಾನು ಓಟ ನಿಲ್ಲಿಸಿ, ಸೊಂಟಕ್ಕೆ ಕೈಯೊತ್ತಿ, ಬಗ್ಗಿ, ದಣಿದವಳ ಹಾಗೆ ಉಸಿರೆಳೆದೆ.

ಅವನು ಹತ್ತಿರ ಬಂದ. “ಮಾಸ್ಕ್ ಮರತು ಬಂದಿದ್ದಿ” ಎಂದು ಕೈಗೆ ಕೊಟ್ಟ. ಬಸ್ಸಿಗೆ ಹೊತ್ತಾಯಿತೆಂದು ಹೋದ.

ಮರುದಿನದಿಂದ ಅವನು ನಡೆಯಲು ಬರಲಿಲ್ಲ. ಜಗಳವಿಲ್ಲ, ಮಾತು ಬಿಟ್ಟಿರಲಿಲ್ಲ. ಊಟಕ್ಕೆ ಕೂತಾಗ “ಪಲ್ಯಾ ಹಾಕ್ಕೋ” ಎನ್ನುತ್ತಿದ್ದ. ಆದರೆ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಅವನ ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ನಾನು ಇನ್ನಾದರೂ ಜೋರಾಗಿ ನಡೆಯಬಹುದಿತ್ತು. ಆಗಲಿಲ್ಲ. ಏರಿಯ ಅರ್ಧಕ್ಕೆ ಹೋಗಿ ಮರಳಿ ಬರುತ್ತಿದ್ದೆ. ವಿಚಿತ್ರವೆಂದರೆ ಆ ದಿನಗಳಲ್ಲಿ ಅಷ್ಟು ನಡೆದರೂ ಕಾಲು ಭಾರವಾಗುತ್ತಿತ್ತು. ಮನಸ್ಸು ಕುಗ್ಗಿದರೆ ಹತ್ತು ಹೆಜ್ಜೆಯೂ ತ್ರಾಸವೆನಿಸುತ್ತದೆಂಬುದನ್ನು ಆ ವಾರ ಕಂಡುಕೊಂಡೆ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರು ರಕ್ತದ ವರದಿ ನೋಡಿ ಮುಖ ಗಂಟಿಕ್ಕಿದರು. ಸಕ್ಕರೆ ಏರಿತ್ತು, ತೂಕವೂ ಏರಿತ್ತು. ಕಿಡ್ನಿ ಹೊರಗಿನದೆಂದು ದೇಹ ತಳ್ಳಿಬಿಡದಂತೆ ಕೊಡುವ ಮದ್ದುಗಳಿಂದ ಹೀಗಾಗುತ್ತದೆ, ಅದಕ್ಕೇ ನಡಿಗೆ ಹೇಳಿರುವುದು ಎಂದರು. ಹೀಗೇ ಬಿಟ್ಟರೆ ಈ ಕಿಡ್ನಿಗೂ ಕೇಡು ಎಂದು ಹೇಳಿ ನಮ್ಮನ್ನು ನಫೀಸಾ ಮೇಡಂ ಹತ್ತಿರ ಕಳಿಸಿದರು. ಆನಂದ ನನ್ನ ಫೈಲು ಹಿಡಿದುಕೊಂಡು ಹಿಂದೆ ಬಂದ.

ಮೇಡಂ ನನ್ನನ್ನು ಉದ್ದನೆಯ ವರಾಂಡದಲ್ಲಿ ನಡೆಸಿದರು. ತಾವೂ ಪಕ್ಕದಲ್ಲಿ ನಡೆಯುತ್ತ, “ದಿನಾ ಹೆಂಗ ನಡೀತೀರಿ, ಹಂಗ ನಡೀರಿ” ಎಂದರು. ಆಮೇಲೆ ಮಾತಿಗೆಳೆದರು. “ಇವತ್ತ ಮನ್ಯಾಗ ಏನ್ ಅಡಗಿ ಮಾಡಿದ್ರಿ?”

ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ರೇಖಾ ಅದಕ್ಕೆ ಹಾಕುವ ಗುರೆಳ್ಳು ಪುಡಿ, ಅದನ್ನು ಅವಳ ತವರಿನಿಂದ ತರಿಸುವುದು, ಎಲ್ಲ ಹೇಳಿದೆ.

ಮೇಡಂ ನಿಂತರು. “ಇಷ್ಟ ಉದ್ದ ಹೇಳಿದ್ರಿ, ನಡುವ ಒಮ್ಮೆರೆ ಉಸಿರಿಗೆ ನಿಂತಿಲ್ಲ. ಈಗ ಹೇಳ್ರಿ, ಎಷ್ಟು?”

“ಐದು” ಎಂದೆ.

“ಐದಲ್ರಿ ಮೇಡಂ” ಎಂದ ಆನಂದ, ಗೋಡೆಗೊರಗಿ ನಿಂತಲ್ಲಿಂದ. “ಒಂದೂವರಿ. ಆಕಿಗೆ ಐದು ಅಂದ್ರ ಹೆಂಗಿರ್ತೈತಿ, ನಾ ನೋಡೇನಿ.”

ಮೇಡಂ ನಮ್ಮಿಬ್ಬರ ಮುಖ ನೋಡಿದರು. ಬೈಯಲಿಲ್ಲ. “ಅಂಕಿ ನನಗ ಹೇಳಾಕ ಅಲ್ರಿ ಟೀಚರ್, ನಿಮಗ ನೀವು ತಿಳ್ಕೊಳ್ಳಾಕ” ಎಂದಷ್ಟೇ ಹೇಳಿ, ಬೇರೆ ರೋಗಿಯ ಕಡೆ ಹೋದರು.

ಧಾರವಾಡದ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ನವನಗರ ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ. “ನೀ ಹಿಂದ ಬರ್ತಿದ್ದಿ. ನಿನಗ ತೇಕು ಹತ್ತತಿತ್ತು. ನಾ ಹೆಂಗ ಜೋರ ನಡೀಲಿ?”

“ತೇಕು ಹತ್ತಿದ್ದು ಮದಲ್ನೇ ತಿಂಗಳ” ಎಂದ. “ಆಮ್ಯಾಲೆ ನಂದೇನೂ ಇದ್ದಿಲ್ಲ. ನೀ ಸಾವಕಾಶ ನಡೀತಿದ್ದಿ ಅಂತ ನಾ ಸಾವಕಾಶ ನಡ್ಯಾಕತ್ತಿದ್ದೆ. ಆ ನಡಿಗಿ ನಡದು ನಡದು ನನಗ ಬ್ಯಾಸರ ಬಂದಿತ್ತು. ಅಕ್ಕಗ ಇಷ್ಟೇ ನಡ್ಯಾಕ ಆಗ್ತೈತಿ, ಪಾಪ, ಕೊಟ್ಟ ಕಿಡ್ನಿ ಬರೋಬ್ಬರಿ ಹತ್ತಿಲ್ಲೇನೋ ಅಂತ ಹೆದರಿಕಿ ಬ್ಯಾರೆ. ಒಂದೊಂದ ದಿನಾ ನಿದ್ದಿ ಬರ್ತಿದ್ದಿಲ್ಲ ನನಗ.”

ನಾನು ಇದನ್ನು ಎಣಿಸಿಯೇ ಇರಲಿಲ್ಲ. ಅವನಿಗೆ ನೋವಾಗಬಾರದೆಂದು ನಾನು ತೋರಿಸಿದ ದಣಿವು ಅವನನ್ನು ರಾತ್ರಿಯೆಲ್ಲ ಎಚ್ಚರವಿಟ್ಟಿತ್ತು.

“ಕಬಡ್ಡಿ?” ಎಂದೆ. ಅಷ್ಟು ತಿಂಗಳಲ್ಲಿ ಆ ಶಬ್ದವನ್ನು ನಾನು ಅವನೆದುರು ಆಡಿದ್ದು ಅದೇ ಮೊದಲು.

ಅವನು ಕಿಟಕಿಯ ಹೊರಗೆ ನೋಡಿದ. “ಸಂಕಟ ಆಗ್ತೈತಿ. ಯಾಕ ಸುಳ್ಳ ಹೇಳ್ಲಿ? ದಿನಾ ಸಂಜಿಮುಂದ ಆಗ್ತೈತಿ. ಗೊತ್ತಿದ್ದ ಕೊಟ್ಟೇನಿ, ಆದ್ರೂ ಆಗ್ತೈತಿ. ಆದ್ರ ಅದು ನಂದು, ಅಕ್ಕಾ. ನೀ ಕಾಲ ಎಳದು ನಡದ್ರ ಅದು ತಿರುಗಿ ಬರೂದಿಲ್ಲ. ನನ್ನ ಸಂಕಟ ನನಗ ಬಿಡು. ನೀ ಅದನ್ನ ಕಸಗೊಂಡು ನಿನ್ನ ಸಕ್ಕರಿ ಏರಿಸ್ಕೋಬ್ಯಾಡ.”

ನನಗೆ ಅಳು ಬಂತು. ಬಸ್ಸಿನಲ್ಲಿ ಮಂದಿ ಇದ್ದರು, ಮಾಸ್ಕಿನೊಳಗೇ ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಮಾಡದಿದ್ದುದೇ ಒಳ್ಳೆಯದಾಯಿತು.

ಮನೆಗೆ ಬಂದು ರೇಖಾಗೆ ಎಲ್ಲ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ, “ಅಕ್ಕಾರ, ಒಂದು ಮಾತ ಹೇಳ್ಲೇನ್ರಿ?” ಎಂದಳು. “ಆಸ್ಪತ್ರ್ಯಾಗ ಒಪ್ಪಿಗಿ ಸಹಿ ಮಾಡೂ ಮುಂದ ಒಮ್ಮೆ ಪೆನ್ನು ಕೆಳಗ ಇಟ್ಟಿದ್ದೆ. ಒಲ್ಲೆ ಅನಬೇಕು ಅನಿಸಿತ್ತು. ಅಂದಿಲ್ಲ. ಆಮ್ಯಾಲೆ ನೀವು ದಿನಾ ಸುಸ್ತಾಗಿ ಬಂದು ಕುಂತಾಗ, ನಾ ಮನಸಿನ್ಯಾಗ ಒಲ್ಲೆ ಅಂದದ್ದಕ್ಕ ಹಿಂಗಾತೇನೋ ಅಂತ ಅನಸ್ತಿತ್ತ್ರಿ.”

ಆ ಮನೆಯಲ್ಲಿ ತಪ್ಪು ನನ್ನದೆಂದುಕೊಂಡು ಓಡಾಡುತ್ತಿದ್ದವಳು ನಾನೊಬ್ಬಳೇ ಅಲ್ಲ ಎಂದು ಅವತ್ತು ತಿಳಿಯಿತು. ನಾನು ಅವಳ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯಲು ಕೈ ಹಚ್ಚಿದೆ.

ಮರುದಿನದಿಂದ ಖರೇನೇ ನಡೆದೆ. ಮೊದಲು ಮೂರಕ್ಕೆ, ಆಮೇಲೆ ನಾಲ್ಕಕ್ಕೆ. ದಸರಾ ರಜೆ ಮುಗಿದು ಶಾಲೆಗೆ ಮರಳುವ ಹೊತ್ತಿಗೆ ಐದಕ್ಕೆ ಬಂದಿದ್ದೆ. ಡಾಕ್ಟರು ಮದ್ದನ್ನೂ ಸ್ವಲ್ಪ ಬದಲಿಸಿದರು. ಸಕ್ಕರೆ ನಿಧಾನಕ್ಕೆ ಇಳಿಯಿತು. ಬೆಳಿಗ್ಗೆ ಏರಿಯ ಮೇಲೆ ಉಸಿರು ಬಿಗಿದು ಬಂದಾಗೆಲ್ಲ ಕೈ ತಾನಾಗಿ ಹೊಟ್ಟೆಯ ಬಲಗಡೆಗೆ ಹೋಗುತ್ತಿತ್ತು. ಇದು ಆನಂದನದು ಎಂದು ನೆನಪಾಗಿ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಚುಚ್ಚುವುದು ನಿಲ್ಲಲಿ ಎಂದು ನಾನು ಕಾಯಲಿಲ್ಲ, ಹೆಜ್ಜೆಯನ್ನೂ ಸಡಿಲಿಸಲಿಲ್ಲ. ಚುಚ್ಚುತ್ತಿದ್ದರೂ ನಡೆಯಬಹುದು ಎಂದು ಮಾತ್ರ ಗೊತ್ತಾಯಿತು.

ಆನಂದ ಚಳಿಗಾಲದಲ್ಲಿ ಮತ್ತೆ ನನ್ನ ಜೊತೆ ಬರತೊಡಗಿದ. ಡಾಕ್ಟರು ಅವನಿಗೆ ಓಡಲು ಅಡ್ಡಿಯಿಲ್ಲ ಎಂದಿದ್ದರು. ಮೊದಲ ದಿನ ಮನೆಯಿಂದ ಕೆರೆಯವರೆಗೆ ಜೊತೆಗೇ ನಡೆದೆವು. ಏರಿ ಹತ್ತಿದ ಮೇಲೆ ಅವನು ಬೂಟಿನ ಲೇಸು ಬಿಗಿದುಕೊಂಡು, “ಹೋಗ್ಲೇನು?” ಎಂದ.

“ಹೋಗು” ಎಂದೆ.

ಅವನು ಓಡಿದ. ನಾನೂ ಹಿಂದೆ ಓಡಿದೆ, ನನ್ನ ಕೈಲಾದಷ್ಟು. ಸ್ವಲ್ಪ ಹೊತ್ತು ಅವನ ನೀಲಿ ಬನಿಯನ್ ಕಾಣುತ್ತಿತ್ತು, ಆಮೇಲೆ ಮಂಜಿನಲ್ಲಿ ಕಾಣಲಿಲ್ಲ. ಅವನು ನಿಂತು ಕಾಯಲಿಲ್ಲ, ತಿರುಗಿಯೂ ನೋಡಲಿಲ್ಲ. ನನಗೆ ಕಾಲು ಸೋತು, ಬಾಯಿ ಒಣಗಿ, ಉಸಿರು ಸಾಲದಾಯಿತು. ಏರಿಯ ಕೊನೆ ತಲುಪುವಾಗ ಅವನು ಅಲ್ಲಿರಲಿಲ್ಲ; ಅಂಗಡಿಗೆ ಹೊತ್ತಾಗುತ್ತದೆಂದು ಆ ಕಡೆಯ ಹಾದಿ ಹಿಡಿದು ಮನೆಗೆ ಹೋಗಿದ್ದ. ಅಲ್ಲಿದ್ದ ಕಲ್ಲಿನ ಮೇಲೆ ಕುಸಿದು ಕೂತೆ. ಜೋರಾಗಿ ತೇಕುತ್ತ ಬಹಳ ಹೊತ್ತು ಹಾಗೇ ಕೂತಿದ್ದೆ. ನೋಡಲು ಯಾರೂ ಇರಲಿಲ್ಲ.